ಲಿನನ್ ಬಟ್ಟೆಗೆ ಕೆಂಪು ಯಾಕೆ ಹಿಡಿಯಲಿಲ್ಲ?

ಪ್ರಶ್ನೆ: ನಾನು ಜರ್ಮನಿಯ ಎರ್ಫರ್ಟ್‌ನಲ್ಲಿದ್ದೇನೆ. ಬೇಸಿಗೆಯಲ್ಲಿ ಇಲ್ಲಿ ಮಧ್ಯಯುಗದ ಸಂತೆಗಳು ನಡೆಯುತ್ತವೆ. ಅದಕ್ಕೆ 13ನೇ ಶತಮಾನದ ಪಟ್ಟಣದ ಹೆಂಗಸಿನ ಉಡುಪು ಹೊಲಿದುಕೊಳ್ಳಬೇಕು ಅಂತ ಆಸೆ. ಬಿಳಿ ಲಿನನ್ ತಂದು, ಮೈಸೂರಿನಿಂದ ಅಮ್ಮ ಕಳಿಸಿದ ಮಂಜಿಷ್ಠದ ಪುಡಿ ಮತ್ತು ಪಟಿಕ ಹಾಕಿ ಕುದಿಸಿದೆ. ಇಟ್ಟಿಗೆ ಕೆಂಪು ಬರುತ್ತೆ ಅಂದುಕೊಂಡಿದ್ದೆ. ಮಾಸಲು ಗುಲಾಬಿ ಬಂತು, ಅದೂ ಅಲ್ಲಲ್ಲಿ ಮಚ್ಚೆ ಮಚ್ಚೆ. ಒಂದು ಸಲ ಒಗೆದಿದ್ದಕ್ಕೆ ಅರ್ಧ ಬಣ್ಣ ಹೋಯಿತು. ತಪ್ಪು ಎಲ್ಲಾಯಿತು? ಬಣ್ಣ ಹಾಕಿ ಹೊಲಿಯಬೇಕಾ, ಹೊಲಿದ ಮೇಲೆ ಹಾಕಬೇಕಾ? ಎಲ್ಲವನ್ನೂ ಕೈಯಲ್ಲೇ ಹೊಲಿಯಬೇಕಾ?

ಉತ್ತರ: ನಿಮ್ಮ ಬಟ್ಟೆ ಹಾಳಾಗಿಲ್ಲ. ಅದನ್ನು ಸರಿಮಾಡುವ ದಾರಿ ಇದೆ, ಮುಂದೆ ಹೇಳುತ್ತೇನೆ. ಆದರೆ ಮಂಜಿಷ್ಠ, ಪಟಿಕದ ಲೆಕ್ಕಕ್ಕೆ ಹೋಗುವ ಮುಂಚೆ ಒಂದು ಮಾತು ಕೇಳಬೇಕು. ನೀವು ಬಣ್ಣ ಹಾಕಿದ್ದು ಯಾವ ಅಂಗಿಯ ಬಟ್ಟೆಗೆ? ಒಳಗೆ ತೊಡುವುದಕ್ಕಾ, ಮೇಲೆ ತೊಡುವುದಕ್ಕಾ? ನಿಮ್ಮ ಅರ್ಧ ಕಷ್ಟ ಇದರ ಉತ್ತರದಲ್ಲೇ ತೀರುತ್ತದೆ.

13ನೇ ಶತಮಾನದ ಜರ್ಮನಿಯಲ್ಲಿ ಲಿನನ್ ಅಂದರೆ ಮೈಗೆ ತಾಗುವ ಬಟ್ಟೆ. ಒಳ ಅಂಗಿ, ತಲೆಗೆ ಸುತ್ತುವ ವಸ್ತ್ರ, ಹಾಸಿಗೆಯ ಮೇಲುಹಾಸು, ಊಟದ ಮೇಜಿನ ಬಟ್ಟೆ, ಇವೆಲ್ಲ ಲಿನನ್. ಅದರ ಮೇಲೆ ತೊಡುವ ಉದ್ದದ ಅಂಗಿ, ಹೊದೆಯುವ ಶಾಲು, ಕಾಲುಚೀಲ ಎಲ್ಲ ಉಣ್ಣೆ. ಬಣ್ಣ ಇದ್ದದ್ದು ಹೆಚ್ಚಾಗಿ ಉಣ್ಣೆಯ ಮೇಲೆ. ಒಳಗಿನ ಲಿನನ್ ಬಿಳಿ ಇದ್ದಷ್ಟೂ ಮನೆಯವರಿಗೆ ಗೌರವ ಜಾಸ್ತಿ.

ಇದಕ್ಕೆ ಕಾರಣ ಒಗೆತ. ಒಳ ಅಂಗಿ ಬೆವರು ಕುಡಿಯುತ್ತದೆ, ಪದೇ ಪದೇ ಒಗೆಯಬೇಕು. ಆಗ ಒಗೆಯುತ್ತಿದ್ದದ್ದು ಕಟ್ಟಿಗೆ ಬೂದಿಯ ತಿಳಿನೀರಿನಲ್ಲಿ. ನಮ್ಮ ಮಡಿವಾಳರು ಚೌಳು ಮಣ್ಣು ಹಾಕಿ ಉಬ್ಬೆ ಇಡುತ್ತಿದ್ದ ಹಾಗೇ, ಅವರೂ ಬಿಸಿ ಬೂದಿನೀರಲ್ಲಿ ನೆನೆಸಿ, ಹೊಳೆ ದಂಡೆಯಲ್ಲಿ ಮರದ ಕೊಡತಿಯಿಂದ ಬಡಿದು, ಹುಲ್ಲಿನ ಮೇಲೆ ಹರಡುತ್ತಿದ್ದರು. ಅಂಥ ಕ್ಷಾರದ ನೀರಿಗೆ ಗಿಡಮೂಲದ ಬಹುಪಾಲು ಬಣ್ಣಗಳು ತಡೆಯುವುದಿಲ್ಲ. ಲಿನನ್ ಮಾತ್ರ ತಡೆಯುತ್ತದೆ. ಒದ್ದೆಯಾದಾಗ ಅದರ ನಾರು ಇನ್ನೂ ಗಟ್ಟಿಯಾಗುತ್ತದೆ. ಒಗೆದಷ್ಟೂ ಮೆತ್ತಗೆ, ಬಿಸಿಲಿಗೆ ಹಾಕಿದಷ್ಟೂ ಬೆಳ್ಳಗೆ ಆಗುತ್ತದೆ. ಮುಂದೆ ನೆದರ್ಲ್ಯಾಂಡ್ಸ್‌ನ ಹಾರ್ಲೆಂ ಊರು ಈ ಬಿಳುಪು ಮಾಡುವ ಕೆಲಸಕ್ಕೇ ಹೆಸರಾಯಿತು. ಬೂದಿನೀರು, ಹುಳಿ ಮಜ್ಜಿಗೆ, ಹುಲ್ಲುಗಾವಲಿನ ಬಿಸಿಲು, ಹೀಗೆ ತಿಂಗಳುಗಟ್ಟಲೆ ನಡೆಯುತ್ತಿತ್ತು.

ಫ್ರಾನ್ಸಿನ ಬಾಯೂ ಚಿತ್ರಪಟದ ಹೆಸರು ಕೇಳಿರಬಹುದು. 11ನೇ ಶತಮಾನದ್ದು, 50 ಸೆಂಟಿಮೀಟರ್ ಅಗಲ, ಸುಮಾರು 70 ಮೀಟರ್ ಉದ್ದ. ಅದರಲ್ಲಿ ಕಾಣುವ ಕೆಂಪು, ಹಳದಿ, ನೀಲಿ, ಹಸಿರು ಅಷ್ಟೂ ಉಣ್ಣೆ ದಾರದ ಕಸೂತಿ. ಕೆಳಗಿನ ಬಟ್ಟೆ ಬಣ್ಣ ಹಾಕದ ಲಿನನ್. ಬಣ್ಣಕ್ಕೆ ಬಳಸಿದ್ದು ಮುಖ್ಯವಾಗಿ ಮೂರು ಗಿಡ. ಕೆಂಪಿಗೆ ನಮ್ಮ ಮಂಜಿಷ್ಠದ ಕುಲದ್ದೇ ಆದ ಮ್ಯಾಡರ್ ಬೇರು, ಹಳದಿಗೆ ವೆಲ್ಡ್, ನೀಲಿಗೆ ವೋಡ್. ಈ ಪಟವನ್ನು ನೋಡಿದರೆ ಸಾಕು, ಯಾವ ನಾರಿಗೆ ಯಾವ ಕೆಲಸ ಅಂತ ಆ ಕಾಲದವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಅನ್ನುವುದು ಅರ್ಥವಾಗುತ್ತದೆ. ಇನ್ನೂ ಹಿಂದೆ, ಲಿನನ್‌ನಲ್ಲೇ ಬದುಕಿದ ಈಜಿಪ್ಟಿನಲ್ಲೂ ಬಹುಪಾಲು ಬಟ್ಟೆ ಬಣ್ಣವಿಲ್ಲದ್ದೇ. ಬಣ್ಣ ಬಂದರೂ ಹೆಚ್ಚಾಗಿ ಅಂಚಿನಲ್ಲಿ ನೀಲಿ ಪಟ್ಟೆಯಾಗಿ, ಅಲ್ಲಲ್ಲಿ ಕೆಂಪಾಗಿ ಬಂತು.

ಅದಕ್ಕೇ ನನ್ನ ಸಲಹೆ ಇದು. ಒಳ ಅಂಗಿಯನ್ನು ಬಿಳಿಯಾಗಿಯೇ ಬಿಡಿ. ಮೇಲಿನ ಅಂಗಿ ಇಟ್ಟಿಗೆ ಕೆಂಪೇ ಆಗಬೇಕಿದ್ದರೆ ತೆಳುವಾದ ಉಣ್ಣೆ ತನ್ನಿ. ಉಣ್ಣೆಗೆ ಪಟಿಕ ಮತ್ತು ಮ್ಯಾಡರ್ ಎರಡೇ ಸಾಕು, ಎಷ್ಟು ಚೆನ್ನಾಗಿ ಹಿಡಿಯುತ್ತದೆ ಅಂದರೆ ನಿಮಗೇ ಆಶ್ಚರ್ಯವಾಗುತ್ತದೆ. ಉಣ್ಣೆ ದುಬಾರಿ, ಜುಲೈ ಸೆಖೆಗೆ ಆಗಲ್ಲ ಅಂತಾದರೆ ಲಿನನ್‌ನಲ್ಲೇ ಹೊಲಿಯಿರಿ, ಆದರೆ ನೀಲಿ ಹಾಕಿ. ನೀಲಿಗೂ ಲಿನನ್‌ಗೂ ಹೊಂದಾಣಿಕೆ ಇದೆ. ಕೆಂಪೇ ಬೇಕು, ಅದೂ ಲಿನನ್ ಮೇಲೇ ಬೇಕು ಅಂದರೆ ಆಗುತ್ತದೆ. ಶ್ರಮ ಮಾತ್ರ ನೀವು ಪಟ್ಟದ್ದರ ಮೂರರಷ್ಟು.

ಇನ್ನು ನಿಮ್ಮ ಕೆಂಪು ಯಾಕೆ ನಿಲ್ಲಲಿಲ್ಲ ಅನ್ನುವುದಕ್ಕೆ ಬರೋಣ.

ಉಣ್ಣೆ ಪ್ರಾಣಿಯ ಕೂದಲು, ಅಂದರೆ ಪ್ರೋಟೀನ್. ಪಟಿಕದಲ್ಲಿರುವ ಅಲ್ಯೂಮಿನಿಯಂ ಅದಕ್ಕೆ ತಾನಾಗಿ ಅಂಟುತ್ತದೆ. ಆಮೇಲೆ ಬಣ್ಣ ಬಂದು ಆ ಅಲ್ಯೂಮಿನಿಯಂ ಅನ್ನು ಹಿಡಿದುಕೊಳ್ಳುತ್ತದೆ. ಲಿನನ್ ಅಗಸೆ ಗಿಡದ ಕಾಂಡದ ನಾರು, ಅಂದರೆ ಸೆಲ್ಯುಲೋಸ್. ಅದರಲ್ಲಿ ಅಲ್ಯೂಮಿನಿಯಂಗೆ ಹಿಡಿತವೇ ಸಿಗುವುದಿಲ್ಲ. ಹತ್ತಿಯೂ ಸೆಲ್ಯುಲೋಸೇ, ಆದರೆ ಲಿನನ್ ಅದಕ್ಕಿಂತ ನುಣುಪು, ನಾರೊಳಗೆ ಬಣ್ಣ ಇಳಿಯುವುದು ನಿಧಾನ. ಅದೇ ತೊಟ್ಟಿಯಲ್ಲಿ ಹತ್ತಿಯನ್ನೂ ಲಿನನ್ನನ್ನೂ ಅದ್ದಿದರೆ ಲಿನನ್ ಸಾಮಾನ್ಯವಾಗಿ ಒಂದು ಛಾಯೆ ತಿಳಿಯಾಗಿಯೇ ಬರುತ್ತದೆ. ನೀವು ಪಟಿಕ ಹಾಕಿದ್ದೇನೋ ಸರಿ, ಅದರಲ್ಲಿ ಬಹುಪಾಲು ನೀರಿನಲ್ಲೇ ಉಳಿಯಿತು. ಬಣ್ಣ ಬಟ್ಟೆಯ ಮೇಲೆ ಸುಮ್ನೆ ಕೂತಿತ್ತು, ಒಗೆದಾಗ ಎದ್ದು ಹೋಯಿತು.

ನಡುವೆ ಸೇತುವೆಯಾಗಿ ಬೇಕಾದದ್ದು ಒಗರು. ಅಳಲೆಕಾಯಿ, ಮಾಚಿಕಾಯಿ, ದಾಳಿಂಬೆ ಸಿಪ್ಪೆ, ಇವುಗಳಲ್ಲಿರುವ ಟ್ಯಾನಿನ್ ಸೆಲ್ಯುಲೋಸ್‌ಗೆ ಅಂಟುತ್ತದೆ, ಅಲ್ಯೂಮಿನಿಯಂ ಆ ಟ್ಯಾನಿನ್‌ಗೆ ಅಂಟುತ್ತದೆ, ಬಣ್ಣ ಅಲ್ಯೂಮಿನಿಯಂಗೆ. ಹತ್ತಿಯ ನಾಡಾದ ನಮ್ಮಲ್ಲಿ ಇದು ಬಹಳ ಹಳೆಯ ವಿದ್ಯೆ. ಅಳಲೆಕಾಯಿ ನೀರಲ್ಲಿ ಅದ್ದದೆ ಕಲಂಕಾರಿಯವರು ಕೆಲಸವನ್ನೇ ಶುರು ಮಾಡುವುದಿಲ್ಲ. ಯುರೋಪಿನವರಿಗೆ ಗಿಡನಾರಿನ ಮೇಲೆ ಗಟ್ಟಿ ಕೆಂಪು ತರುವುದು ತುಂಬ ಕಾಲ ಕಷ್ಟವೇ ಆಗಿತ್ತು. ಎಣ್ಣೆ, ಸಗಣಿ, ಮಾಚಿಕಾಯಿ, ಪಟಿಕ, ಮ್ಯಾಡರ್ ಅಂತ ಹಲವು ಮಜಲುಗಳ ‘ಟರ್ಕಿ ಕೆಂಪು’ ವಿಧಾನವನ್ನು ಅವರು ಅಟೋಮನ್ ನಾಡಿನ ಬಣ್ಣಗಾರರಿಂದ ಕಲಿತದ್ದು 18ನೇ ಶತಮಾನದಲ್ಲಿ. ಹಾಗಾಗಿ ಮೊದಲ ಪ್ರಯತ್ನದಲ್ಲೇ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕೆಲಸಕ್ಕೆ ಮಾಚಿಕಾಯಿ ಒಳ್ಳೆಯದು. ಬಾಣಂತಿ ಮನೆಯಲ್ಲಿ ಮಗುವಿಗೆ ತೇಯ್ದು ನೆಕ್ಕಿಸುತ್ತಾರಲ್ಲ, ಅದೇ. ಓಕ್ ಮರದ ಮೇಲೆ ಒಂದು ಬಗೆಯ ಕಣಜ ಮೊಟ್ಟೆ ಇಟ್ಟಾಗ ಏಳುವ ಗಂಟು ಅದು. ಮಧ್ಯಯುಗದ ಯುರೋಪಿನಲ್ಲಿ ಬರೆಯುವ ಶಾಯಿಗೂ ಬಣ್ಣಕ್ಕೂ ಇದನ್ನೇ ಬಳಸುತ್ತಿದ್ದರು. ಆದ್ದರಿಂದ ನಿಮ್ಮ 13ನೇ ಶತಮಾನಕ್ಕೂ ಸಲ್ಲುತ್ತದೆ. ಅಳಲೆಕಾಯಿಯೂ ಕೆಲಸ ಮಾಡುತ್ತದೆ, ಆದರೆ ಬಟ್ಟೆಗೆ ಮೊದಲೇ ಒಂದು ಹಳದಿ ಛಾಯೆ ಕೊಡುತ್ತದೆ. ಮಾಚಿಕಾಯಿ ಹೆಚ್ಚುಕಡಿಮೆ ಬಿಳಿಯಾಗಿಯೇ ಬಿಡುತ್ತದೆ.

ಮಚ್ಚೆಗೆ ಕಾರಣ ಬೇರೆ. ಅಂಗಡಿಯ ಹೊಸ ಲಿನನ್ ನೋಡಲು ಶುಭ್ರವಾಗಿರುತ್ತದೆ, ಒಳಗೆ ಗಿಡದ ಮೇಣ, ಅಂಟು, ಮಿಲ್ಲಿನ ಗಂಜಿ ಎಲ್ಲ ಇರುತ್ತದೆ. ಅವು ಇದ್ದಲ್ಲಿ ಬಣ್ಣ ಇಳಿಯುವುದಿಲ್ಲ. ವಾಷಿಂಗ್ ಮಶೀನಿನಲ್ಲಿ ಒಂದು ಸಲ ತಿರುಗಿಸಿದರೆ ಇದು ಹೋಗಲ್ಲ. ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸಾಬೂನು ಹಾಕಿ, ಒಂದೂವರೆ ಎರಡು ಗಂಟೆ ಸಣ್ಣ ಕುದಿಯಲ್ಲಿ ಇಡಬೇಕು. ಬೆಳ್ಳಗಿನ ಬಟ್ಟೆ ಹಾಕಿದ ನೀರು ನೋಡನೋಡುತ್ತ ಚಹಾದ ಬಣ್ಣಕ್ಕೆ ತಿರುಗುತ್ತದೆ, ಹಸಿ ಹುಲ್ಲಿನ ಒಂದು ವಾಸನೆ ಏಳುತ್ತದೆ. ಆ ನೀರು ಚೆಲ್ಲಿ, ಇನ್ನೊಮ್ಮೆ ಕುದಿಸಿ. ನೀರು ತಿಳಿಯಾಗಿ ಉಳಿಯುವ ತನಕ ಬಿಡಬೇಡಿ. ಬಟ್ಟೆ ಸಿದ್ಧವಾಗಿದೆಯಾ ಅಂತ ನೋಡಲು, ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ನಿಂತರೆ ಇನ್ನೂ ಮೇಣ ಇದೆ. ಬಿದ್ದ ಕ್ಷಣ ಹೀರಿಕೊಂಡು ಹರಡಿದರೆ ಆಯಿತು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. ಇಲ್ಲಿ ಆತುರಪಟ್ಟವರ ಬಟ್ಟೆಯನ್ನು ಮುಂದಿನ ಯಾವ ಉಪಾಯವೂ ಉಳಿಸುವುದಿಲ್ಲ.

ಈಗ ಲೆಕ್ಕ. ಬಣ್ಣದ ಕೆಲಸದಲ್ಲಿ ಎಲ್ಲವನ್ನೂ ಒಣಬಟ್ಟೆಯ ತೂಕದ ಮೇಲೆ ಅಳೆಯುತ್ತಾರೆ, ಚಮಚದ ಲೆಕ್ಕ ಬೇಡ. 150 ಸೆಂ.ಮೀ. ಅಗಲದ, ಚದರ ಮೀಟರಿಗೆ 180 ಗ್ರಾಂ ತೂಗುವ ಲಿನನ್ ಮೂರು ಮೀಟರ್ ತೆಗೆದುಕೊಂಡರೆ 810 ಗ್ರಾಂ ಆಗುತ್ತದೆ. ಇದಕ್ಕೆ ಕುದಿಸಿ ತೊಳೆಯಲು ಸುಮಾರು 40 ಗ್ರಾಂ ವಾಷಿಂಗ್ ಸೋಡಾ. ಆಮೇಲೆ ಪುಡಿ ಮಾಡಿದ ಮಾಚಿಕಾಯಿ 80 ಗ್ರಾಂ. ಅದನ್ನು ಬಿಸಿನೀರಲ್ಲಿ ನೆನೆಸಿ, ಸೋಸಿ, 50 ಡಿಗ್ರಿ ಆಸುಪಾಸಿನ ನೀರಿಗೆ ಬೆರೆಸಿ ಬಟ್ಟೆಯನ್ನು ಎರಡು ಗಂಟೆ ಮುಳುಗಿಸಿಡಿ, ನಡುನಡುವೆ ತಿರುಗಿಸಿ. ಹಿಂಡಿ, ಲಘುವಾಗಿ ಜಾಲಿಸಿ, ನೇರವಾಗಿ ಪಟಿಕಕ್ಕೆ ಹಾಕಿ.

ಪಟಿಕ ಬಟ್ಟೆಯ ತೂಕದ ಶೇಕಡ 15, ಅಂದರೆ 120 ಗ್ರಾಂ. ಜರ್ಮನಿಯಲ್ಲಿ ಅಲೌನ್ ಅಂತ ಕೇಳಿ. ಜೊತೆಗೆ ವಾಷಿಂಗ್ ಸೋಡಾ ಶೇಕಡ 2, ಅಂದರೆ 16 ಗ್ರಾಂ. ಎರಡನ್ನೂ ಬೇರೆ ಬೇರೆ ಬಿಸಿನೀರಲ್ಲಿ ಕರಗಿಸಿ, ಆಮೇಲೆ ಸೋಡಾವನ್ನು ಪಟಿಕಕ್ಕೆ ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಬುಸ್ಸನೆ ನೊರೆ ಉಕ್ಕುತ್ತದೆ, ಹೆದರಬೇಡಿ, ಪಾತ್ರೆ ಮಾತ್ರ ದೊಡ್ಡದಿರಲಿ. ನೊರೆ ಇಳಿದ ಮೇಲೆ ಬೆಚ್ಚಗಿನ ನೀರು ಸೇರಿಸಿ, ಬಟ್ಟೆ ಹಾಕಿ, ರಾತ್ರಿಯಿಡೀ ಬಿಡಿ. ಹತ್ತು ಲೀಟರಿನ ಪಾತ್ರೆಯಲ್ಲಿ ಮುದುರಿ ತುರುಕಿದರೆ ಮಡಿಕೆಗಳಲ್ಲಿ ಮತ್ತೆ ಮಚ್ಚೆ ಬರುತ್ತದೆ. 20ರಿಂದ 25 ಲೀಟರಿನ ಸ್ಟೀಲ್ ಪಾತ್ರೆ ಬೇಕು. ಅಲ್ಯೂಮಿನಿಯಂ, ಕಬ್ಬಿಣದ್ದು ಬೇಡ. ಆ ಪಾತ್ರೆಯಲ್ಲಿ ಮುಂದೆ ಅಡುಗೆ ಮಾಡಕೂಡದು. ಪುಡಿಗಳನ್ನು ತೂಗುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ.

ಇನ್ನು ಬೇರು. ನಮ್ಮ ಮಂಜಿಷ್ಠ ಮತ್ತು ಯುರೋಪಿನ ಮ್ಯಾಡರ್ ಒಂದೇ ಕುಲದ ಗಿಡಗಳು, ಆದರೆ ಅವಳಿಗಳಲ್ಲ. ಯುರೋಪಿನದ್ದರಲ್ಲಿ ಅಲಿಜರಿನ್ ಅನ್ನುವ ಕೆಂಪು ಜಾಸ್ತಿ. ನಮ್ಮದರಲ್ಲಿ ಅದು ಕಡಿಮೆ, ಪರ್ಪ್ಯುರಿನ್, ಮಂಜಿಸ್ಟಿನ್ ಹೆಚ್ಚು. ಅದಕ್ಕೇ ಮಂಜಿಷ್ಠದ ಕೆಂಪು ಸ್ವಲ್ಪ ಕಿತ್ತಳೆ ಕಡೆಗೆ ವಾಲುತ್ತದೆ. ನಿಮಗೆ ಬೇಕಾದ ಇಟ್ಟಿಗೆ ಕೆಂಪಿಗೆ ಅಲ್ಲಿಯದೇ ಬೇರು ಒಳ್ಳೆಯದು, ಕ್ರಾಪ್ ಅಂತ ಕೇಳಿದರೆ ಕೊಡುತ್ತಾರೆ. ಔಷಧಿಗೆಂದು ಮಾಡಿದ ಪುಡಿ ಎಷ್ಟು ಹಳೆಯದೋ, ಅದರಲ್ಲಿ ಬೇರೆಷ್ಟು ಕಾಂಡವೆಷ್ಟೋ ತಿಳಿಯುವುದಿಲ್ಲ. ಮೇಲಾಗಿ ಪುಡಿ ಬಟ್ಟೆಯ ಎಳೆಗಳ ನಡುವೆ ಕೂತು ಚುಕ್ಕೆ ಮಾಡುತ್ತದೆ. ತುಂಡು ಬೇರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ. ಬಟ್ಟೆಯ ಅರ್ಧ ತೂಕದಷ್ಟು ಬೇರು ಹಾಕಿದರೆ ಮಧ್ಯಮ ಬಣ್ಣ, ಸಮ ತೂಕ ಹಾಕಿದರೆ ಗಾಢ.

ಮತ್ತೆ, ನೀವು ಕುದಿಸಿದ್ದೇ ಇನ್ನೊಂದು ತೊಂದರೆ. ಮ್ಯಾಡರ್ ಬೇರಿನಲ್ಲಿ ಕೆಂಪಿನ ಜೊತೆ ಹಳದಿ, ಕಂದು ಬಣ್ಣಗಳೂ ಇವೆ. ನೀರು ಜಾಸ್ತಿ ಕಾದಷ್ಟೂ ಕಂದು ಮುಂದೆ ಬರುತ್ತದೆ, ಕೆಂಪು ಮಂಕಾಗುತ್ತದೆ. ತಣ್ಣೀರಿನಿಂದ ಶುರು ಮಾಡಿ, ಒಂದು ಗಂಟೆ ತೆಗೆದುಕೊಂಡು 65 ಡಿಗ್ರಿಗೆ ಏರಿಸಿ, ಅಲ್ಲೇ ಒಂದು ಗಂಟೆ ಹಿಡಿದಿಡಿ. 70 ದಾಟಿಸಬೇಡಿ. ಅಡುಗೆಯ ಥರ್ಮಾಮೀಟರ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಒಲೆ ಆರಿಸಿ, ಬಟ್ಟೆಯನ್ನು ಅದೇ ನೀರಲ್ಲಿ ಬೆಳಗಿನ ತನಕ ಬಿಟ್ಟರೆ ಇನ್ನೂ ಒಳ್ಳೆಯದು.

ನೀರಿನ ಬಗ್ಗೆಯೂ ಹೇಳಬೇಕು. ಮ್ಯಾಡರ್‌ಗೆ ಸುಣ್ಣದಂಶ ಇರುವ ಗಡಸು ನೀರೇ ಇಷ್ಟ. ನಿಮ್ಮ ಮನೆಯ ಕೆಟಲ್ ಒಳಗೆ ಬಿಳಿ ಕರೆ ಕಟ್ಟುತ್ತದಾ ನೋಡಿ. ಕಟ್ಟಿದರೆ ನಲ್ಲಿ ನೀರೇ ಸಾಕು. ಇಲ್ಲದಿದ್ದರೆ ಒಂದೆರಡು ಚಮಚ ಸೀಮೆಸುಣ್ಣದ ಪುಡಿ ಸೇರಿಸಿ, ಅಲ್ಲಿ ಶ್ಲೆಮ್‌ಕ್ರೈಡೆ ಅನ್ನುತ್ತಾರೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಿಗೆ ಬೋರ್‌ವೆಲ್ ನೀರಿನ ಗಡಸುತನ ಇಲ್ಲಿ ಅನುಕೂಲವೇ. ಆದರೆ ನೀರಲ್ಲಿ ಕಬ್ಬಿಣ ಇದ್ದರೆ ಕೆಂಪು ಕಂದಾಗುತ್ತದೆ, ಮಾಚಿಕಾಯಿ ಹಾಕಿದ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕೆಲವರು ಬೇಕೆಂದೇ ಕಬ್ಬಿಣದ ನೀರು ಸೇರಿಸಿ ಕಪ್ಪು ಮಾಡುತ್ತಾರೆ. ಲಿನನ್ ಮೇಲೆ ನಾನು ಅದನ್ನು ಒಪ್ಪುವುದಿಲ್ಲ. ಕಬ್ಬಿಣವೂ ಒಗರೂ ಸೇರಿದರೆ ವರ್ಷಗಳು ಕಳೆದಂತೆ ನಾರು ತಿಂದುಹೋಗುತ್ತದೆ.

ಹಳದಿಗೆ ಅರಿಸಿನ ಹಾಕುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಬಿಸಿಲಿಗೆ ಬೇಗ ಹಾರಿಹೋಗುತ್ತದೆ, ಸೋಪು ಸೋಕಿದರೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವುದು ಇದೇ ಗುಣದಿಂದ ಅಲ್ವಾ? 13ನೇ ಶತಮಾನದ ಹಳದಿ ಅಂದರೆ ವೆಲ್ಡ್, ಅಲ್ಲಿ ವಾವ್ ಅನ್ನುತ್ತಾರೆ. ಒಗರು, ಪಟಿಕದ ದಾರಿ ಅದಕ್ಕೂ ಒಂದೇ. ಚೆಂಡು ಹೂವಿನ ಹಳದಿ ಚೆಂದವೇ, ಆದರೆ ಆ ಗಿಡ ಬಂದದ್ದು ಅಮೆರಿಕ ಖಂಡದಿಂದ, ನಿಮ್ಮ ಕಾಲದ ಯುರೋಪಿನಲ್ಲಿ ಇರಲೇ ಇಲ್ಲ.

ಈಗ ನೀಲಿ. ನೀವಿರುವ ಊರಿನ ಹೆಸರು ನೋಡಿದಾಗಲೇ ನನಗೆ ಇದನ್ನು ಬರೆಯುವ ಉತ್ಸಾಹ ಬಂತು. ಎರ್ಫರ್ಟ್ ಮಧ್ಯಯುಗದಲ್ಲಿ ವೋಡ್ ವ್ಯಾಪಾರದ ದೊಡ್ಡ ಪಟ್ಟಣ. ಜರ್ಮನ್‌ನಲ್ಲಿ ವೈಡ್. ಎರ್ಫರ್ಟ್, ಗೋಥಾ, ಆರ್ನ್‌ಸ್ಟಾಟ್, ಲಾಂಗೆನ್‌ಸಾಲ್ಜಾ, ಟೆನ್‌ಸ್ಟೆಟ್, ಥುರಿಂಗಿಯಾದ ಈ ಐದು ಊರುಗಳು ನೀಲಿಯಿಂದ ಹಣ ಮಾಡಿದವು. ವೋಡ್ ಎಲೆಯನ್ನು ಕಲ್ಲಿನ ಗಾಣದಲ್ಲಿ ಅರೆದು, ಉಂಡೆ ಕಟ್ಟಿ, ಒಣಗಿಸಿ, ಮತ್ತೆ ನೆನೆಸಿ ಹುಳಿ ಬರಿಸಿ ಮಾರುತ್ತಿದ್ದರು. 1392ರಲ್ಲಿ ಶುರುವಾದ ಎರ್ಫರ್ಟ್ ವಿಶ್ವವಿದ್ಯಾಲಯ ಬೆಳೆದದ್ದು ಇಂಥ ಸಿರಿ ಇದ್ದ ಊರಿನಲ್ಲಿ. ಮುಂದೆ ಸಮುದ್ರ ಮಾರ್ಗವಾಗಿ ಭಾರತದ ನೀಲಿ ಹೇರಳವಾಗಿ ಬಂದಾಗ ವೋಡ್ ಬೆಳೆಗಾರರು, ವ್ಯಾಪಾರಿಗಳು ಕಂಗಾಲಾದರು, ಹಲವು ಕಡೆ ನಮ್ಮ ನೀಲಿಗೆ ನಿಷೇಧವನ್ನೂ ಹಾಕಿಸಿದರು. ಎರಡರಲ್ಲೂ ಇರುವ ಬಣ್ಣ ಮಾತ್ರ ಒಂದೇ, ಇಂಡಿಗೊಟಿನ್. ವೋಡ್‌ನಲ್ಲಿ ಸ್ವಲ್ಪ, ನಮ್ಮ ನೀಲಿ ಗಿಡದಲ್ಲಿ ಹಲವು ಪಾಲು ಹೆಚ್ಚು. ಆದ್ದರಿಂದ ನೀವು ಭಾರತದ ನೀಲಿ ಪುಡಿ ಬಳಸಿದರೂ ಬಟ್ಟೆಯ ಮೇಲೆ ಕೂರುವುದು ಎರ್ಫರ್ಟ್‌ನ ಹೆಂಗಸು ತೊಟ್ಟಿರಬಹುದಾದ ಅದೇ ನೀಲಿ.

ನೀಲಿಗೆ ಪಟಿಕ ಬೇಡ, ಒಗರು ಬೇಡ. ನೀಲಿ ನೀರಿನಲ್ಲಿ ಕರಗುವುದೇ ಇಲ್ಲ. ಆಮ್ಲಜನಕ ಇಲ್ಲದ ತೊಟ್ಟಿಯಲ್ಲಿ ಅದರ ರೂಪ ಬದಲಿಸಿದರೆ, ಕ್ಷಾರದ ನೀರಿನಲ್ಲಿ ಹಳದಿ ಹಸಿರಾಗಿ ಕರಗುತ್ತದೆ. ಆಗ ಬಟ್ಟೆ ಅದ್ದಬೇಕು. ಮೇಲೆತ್ತಿದಾಗ ಗಾಳಿಯ ಆಮ್ಲಜನಕ ಸಿಕ್ಕಿ, ಅದು ನಾರಿನೊಳಗೇ ಮತ್ತೆ ಕರಗದ ನೀಲಿಯಾಗಿ ಸಿಕ್ಕಿಕೊಳ್ಳುತ್ತದೆ. ಸೆಲ್ಯುಲೋಸ್‌ಗೆ ಇದು ಹೇಳಿಮಾಡಿಸಿದ ವಿಧಾನ. ಹಿಂದಿನವರು ಹಿಟ್ಟಿನ ತೌಡು, ಬೂದಿನೀರು ಹಾಕಿ ತೊಟ್ಟಿಯನ್ನು ಬೆಚ್ಚಗಿಟ್ಟು ಹುಳಿ ಬರಿಸುತ್ತಿದ್ದರು. ಅದಕ್ಕೆ ಕೈ ಪಳಗಬೇಕು. ಮನೆಯಲ್ಲಿ ಸುಲಭವಾದದ್ದು ಒಂದು ಪಾಲು ನೀಲಿ, ಎರಡು ಪಾಲು ಸುಣ್ಣ, ಮೂರು ಪಾಲು ಹಣ್ಣಿನ ಸಕ್ಕರೆಯ ತೊಟ್ಟಿ. 20 ಲೀಟರಿಗೆ 80 ಗ್ರಾಂ ನೀಲಿ, 160 ಗ್ರಾಂ ಸುಣ್ಣದ ಪುಡಿ, 240 ಗ್ರಾಂ ಫ್ರಕ್ಟೋಸ್. ನೀಲಿಯನ್ನು ಮೊದಲು ಸ್ವಲ್ಪ ನೀರಲ್ಲಿ ನುಣ್ಣಗೆ ಕಲಸಿಕೊಳ್ಳಿ, ಗಂಟು ಉಳಿಯಬಾರದು. 60 ಡಿಗ್ರಿ ಬಿಸಿನೀರಿಗೆ ಎಲ್ಲ ಹಾಕಿ, ನಿಧಾನಕ್ಕೆ ಕಲಕಿ, ಒಂದೆರಡು ಗಂಟೆ ಸುಮ್ಮನೆ ಬಿಡಿ. ಸುಣ್ಣ ಕೈ ಸುಡುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ತೊಟ್ಟಿ ಸಿದ್ಧವಾದಾಗ ನಿಮಗೇ ಗೊತ್ತಾಗುತ್ತದೆ. ಮೇಲೆ ತಾಮ್ರದ ಹೊಳಪಿನ ಕೆನೆ, ನಡುವೆ ಒಂದಿಷ್ಟು ಕಡುನೀಲಿ ನೊರೆ. ಕೆನೆಯನ್ನು ಸರಿಸಿದರೆ ಕೆಳಗಿನ ನೀರು ತಿಳಿಯಾದ ಹಳದಿ ಹಸಿರು. ನೀರೇ ನೀಲಿಯಾಗಿ ಕಂಡರೆ ಇನ್ನೂ ಕಾಯಬೇಕು. ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ನೊರೆ ತೆಗೆದು, ಗುಳ್ಳೆ ಏಳದ ಹಾಗೆ ಇಳಿಸಿ. ತಳದ ಸುಣ್ಣಕ್ಕೆ ತಾಗಬಾರದು. ಐದು ನಿಮಿಷಕ್ಕೆ ಎತ್ತಿ, ಬಿಡಿಸಿ ಗಾಳಿಗೆ ಹರಡಿ. ಕೈಯಲ್ಲಿರುವಾಗಲೇ ಅಂಚಿನಿಂದ ಹಸಿರು ಹೋಗಿ ನೀಲಿ ಹರಿದು ಬರುತ್ತದೆ. ಎಷ್ಟು ಸಲ ನೋಡಿದರೂ ಈ ಕ್ಷಣ ನನಗೆ ಸಾಕು ಅನಿಸಿಲ್ಲ. ಕಾಲು ಗಂಟೆ ಗಾಳಿಯಾಡಿಸಿ, ಮತ್ತೆ ಅದ್ದಿ. ನಾಲ್ಕೈದು ಅದ್ದು ಬೇಕು. ಒಂದೇ ಸಲ ಗಾಢ ಮಾಡಲು ಹೋದರೆ ಬಣ್ಣ ಮೇಲ್ಮೈಯಲ್ಲೇ ಕೂತು, ಆಮೇಲೆ ಕತ್ತಿಗೆ, ಕೈಗೆಲ್ಲ ಅಂಟುತ್ತದೆ. ಕೊನೆಗೆ ಸ್ವಲ್ಪ ವಿನೆಗರ್ ಹಾಕಿದ ನೀರಲ್ಲಿ ಜಾಲಿಸಿದರೆ ಸುಣ್ಣ ಹೋಗುತ್ತದೆ. ನಂತರ ಸಾಬೂನಿನಲ್ಲಿ ಒಗೆಯಿರಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಬಣ್ಣ ಮೊದಲು, ಕತ್ತರಿ ಆಮೇಲೆ. ಹೊಲಿದ ಅಂಗಿಯ ಹೊಲಿಗೆ ಇರುವಲ್ಲಿ ನಾಲ್ಕು ಪದರ ಸೇರಿರುತ್ತದೆ, ಅಲ್ಲಿಗೆ ಒಗರೂ ಪಟಿಕವೂ ಸರಿಯಾಗಿ ಹೋಗುವುದಿಲ್ಲ. ಬಿಳಿ ಗೆರೆಗಳು ಉಳಿದುಬಿಡುತ್ತವೆ. ಲಿನನ್ ಬಿಸಿನೀರಿಗೆ ಕುಗ್ಗುವುದೂ ಇದೆ, ಆ ಕುಗ್ಗುವಿಕೆ ಬಣ್ಣದ ಕೆಲಸದಲ್ಲೇ ಮುಗಿದುಹೋಗಲಿ. ಹೊಲಿಯುವ ಲಿನನ್ ದಾರದ ಒಂದು ಸಣ್ಣ ಲಡಿಯನ್ನೂ ಬಟ್ಟೆಯ ಜೊತೆಗೇ ಅದ್ದಿ.

ಕತ್ತರಿಸುವಾಗ ಚಾಕ್‌ಪೀಸ್, ಸ್ಕೇಲು ನಂಬಬೇಡಿ. ಅಂಚಿನಲ್ಲಿ ಸಣ್ಣಗೆ ಕತ್ತರಿಸಿ, ಒಂದೇ ಒಂದು ಎಳೆಯನ್ನು ಸೂಜಿಯ ತುದಿಯಿಂದ ಎತ್ತಿ ಮೆಲ್ಲಗೆ ಎಳೆಯಿರಿ. ಬಟ್ಟೆ ಸುಕ್ಕುಗಟ್ಟುತ್ತಾ ಹೋಗುತ್ತದೆ, ಎಳೆ ಬಂದ ಜಾಗದಲ್ಲಿ ನೇರವಾದ ಒಂದು ಸಣ್ಣ ಸಂದು ಕಾಣುತ್ತದೆ. ಆ ಸಂದಿನಲ್ಲೇ ಕತ್ತರಿ ಓಡಿಸಿ. ತುಂಡುಗಳು ಎಳೆಗೆ ನೇರ ಇದ್ದರೆ ಅಂಗಿ ಒಗೆದ ಮೇಲೆ ತಿರುಚಿಕೊಳ್ಳುವುದಿಲ್ಲ.

ಆ ಕಾಲದ ಒಳ ಅಂಗಿಯ ನಕ್ಷೆ ಹೆಚ್ಚಾಗಿ ಆಯತ, ಚೌಕ, ತ್ರಿಕೋನಗಳಲ್ಲೇ ಮುಗಿಯುತ್ತದೆ. ಕೈಯಲ್ಲಿ ನೂತು, ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ಯಾರೂ ಚೂರು ಮಾಡಿ ಬಿಸಾಡುತ್ತಿರಲಿಲ್ಲ. ಮೈಗೆ ಒಂದು ಉದ್ದ ತುಂಡು, ತೋಳಿಗೆ ಎರಡು, ಕಂಕುಳಿಗೆ 12ರಿಂದ 15 ಸೆಂ.ಮೀ.ನ ಎರಡು ಚೌಕ, ಕೆಳಗೆ ಘೇರು ಬರಲು ತ್ರಿಕೋನದ ತುಂಡುಗಳು. ನಮ್ಮ ಹಳೆಯ ಜುಬ್ಬಾ ಬಿಚ್ಚಿ ನೋಡಿದರೆ ಕಂಕುಳಲ್ಲಿ ಅದೇ ಚೌಕ ಸಿಗುತ್ತದೆ. ಪ್ಯಾರಿಸ್‌ನ ನೋತ್ರ್ ದಾಂ ಚರ್ಚಿನಲ್ಲಿ ಫ್ರಾನ್ಸಿನ ರಾಜನಾಗಿದ್ದ ಸಂತ ಲೂಯಿಯದ್ದೆಂದು ಕಾಪಾಡಿಕೊಂಡು ಬಂದ ಒಂದು ಲಿನನ್ ಅಂಗಿ ಇದೆ, ನಿಮ್ಮ 13ನೇ ಶತಮಾನದ್ದೇ. 2019ರ ಬೆಂಕಿಯಲ್ಲಿ ಅದನ್ನೂ ಹೊರಗೆ ತಂದು ಉಳಿಸಿದರು. ಅದರ ಫೋಟೋ ಸಿಕ್ಕರೆ ಬಿಡದೆ ನೋಡಿ. ಡೆನ್ಮಾರ್ಕಿನ ವಿಬೋರ್ಗ್‌ನಲ್ಲಿ 1980ರ ದಶಕದಲ್ಲಿ ಅಗೆದಾಗ ಸಿಕ್ಕ 11ನೇ ಶತಮಾನದ ಲಿನನ್ ಅಂಗಿಯೂ ಕಲಿಯಲು ಒಳ್ಳೆಯದು. ಎದೆಭಾಗಕ್ಕೆ ಒಳಗಡೆ ಇನ್ನೊಂದು ಪದರ ಕೊಟ್ಟು, ಎರಡನ್ನೂ ಸಣ್ಣ ಹೊಲಿಗೆಯ ಸಾಲುಗಳಿಂದ ಹಿಡಿಸಿದ್ದಾರೆ. ಬೆವರಿಗೆ, ಸವೆತಕ್ಕೆ ಎಲ್ಲಿ ಬಟ್ಟೆ ಮೊದಲು ಸೋಲುತ್ತದೋ ಅಲ್ಲೇ ಬಲ ಕೊಟ್ಟಿದ್ದಾರೆ.

ಕತ್ತು ಮಾತ್ರ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ. ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು.

ಕೈಹೊಲಿಗೆ ಬೇಕಾ? ಮಧ್ಯಯುಗಕ್ಕೆ ಮಶೀನು ಸಲ್ಲುವುದಿಲ್ಲ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಲಿನನ್ ಅಂಚು ಬೇಗ ಎಳೆ ಬಿಡುತ್ತದೆ. ಕೈಯಲ್ಲಿ ಮಡಚಿ ಹೊಲಿದ ಚಪ್ಪಟೆ ಹೊಲಿಗೆ ಆ ಅಂಚನ್ನು ಪೂರ್ತಿ ಒಳಗೆ ಮುಚ್ಚುತ್ತದೆ, ಮೈಗೆ ಚುಚ್ಚುವುದೂ ಇಲ್ಲ. ಎರಡು ತುಂಡು ಸೇರಿಸಿ, ಅಂಚಿನಿಂದ ಒಂದೂವರೆ ಸೆಂ.ಮೀ. ಒಳಗೆ ಸಣ್ಣ ರನ್ನಿಂಗ್ ಹೊಲಿಗೆ ಹಾಕಿ. ನಾಲ್ಕೈದು ಹೊಲಿಗೆಗೊಮ್ಮೆ ಒಂದು ಬ್ಯಾಕ್ ಸ್ಟಿಚ್ ಇರಲಿ, ಎಳೆದರೂ ಬಿಚ್ಚುವುದಿಲ್ಲ. ಆಮೇಲೆ ಒಂದು ಅಂಚನ್ನು ಅರ್ಧಕ್ಕೆ ಕತ್ತರಿಸಿ, ಇನ್ನೊಂದನ್ನು ಅದರ ಮೇಲೆ ಮಡಚಿ, ಉಗುರಿನಿಂದ ಒತ್ತಿ, ಹೆಮ್ಮಿಂಗ್ ಮಾಡಿ. ಕಂಕುಳಿನ ಚೌಕದ ಮೂಲೆಗಳಲ್ಲಿ ಪೂರ್ತಿ ಬ್ಯಾಕ್ ಸ್ಟಿಚ್ಚೇ ಹಾಕಿ, ಅಂಗಿ ಹರಿಯುವುದು ಮೊದಲು ಅಲ್ಲಿ. ದಾರ ಮೊಣಕೈ ಉದ್ದಕ್ಕಿಂತ ಜಾಸ್ತಿ ಬೇಡ. ಲಿನನ್ ದಾರ ಬಟ್ಟೆಯಲ್ಲಿ ಹಾದುಹೋಗುತ್ತಾ ಹೋಗುತ್ತಾ ಜುಂಗು ಏಳುತ್ತದೆ. ಅದಕ್ಕೆ ಜೇನುಮೇಣದ ತುಂಡಿನ ಮೇಲೆ ಎರಡು ಮೂರು ಸಲ ಎಳೆದುಕೊಳ್ಳಿ.

ಸಮಯ ನಿಜವಾಗಿಯೂ ಇಲ್ಲದಿದ್ದರೆ ಮೇಲಂಗಿಯ ಉದ್ದದ ಒಳಹೊಲಿಗೆಗಳನ್ನು ಮಶೀನಿಗೆ ಹಾಕಿ, ಕತ್ತು, ತೋಳಿನ ತುದಿ, ಕೆಳ ಅಂಚು ಕೈಯಲ್ಲಿ ಮಾಡಿ. ಯಾರೂ ಆಕ್ಷೇಪಿಸುವುದಿಲ್ಲ. ಒಳ ಅಂಗಿಯನ್ನು ಮಾತ್ರ ಒಂದು ಸಲ ಪೂರ್ತಿ ಕೈಯಲ್ಲೇ ಹೊಲಿದು ನೋಡಿ ಅಂತ ನನ್ನ ಒತ್ತಾಯ. ಅದನ್ನು ತೊಟ್ಟಾಗಿನ ಸುಖವೇ ಬೇರೆ.

ಇನ್ನು ಆ ಗುಲಾಬಿ ಬಟ್ಟೆ. ಅದನ್ನು ಸೋಡಾ ಹಾಕಿ ಮತ್ತೆ ಚೆನ್ನಾಗಿ ಕುದಿಸಿ. ಉಳಿದ ಬಣ್ಣ ಬಹುಪಾಲು ಬಿಟ್ಟುಕೊಡುತ್ತದೆ, ಮಚ್ಚೆಯೂ ತೆಳುವಾಗುತ್ತದೆ. ಹನಿ ನೀರಿನ ಪರೀಕ್ಷೆ ಪಾಸಾದರೆ ಎರಡು ದಾರಿ. ಮೇಲೆ ಹೇಳಿದ ಒಗರು, ಪಟಿಕ, ಕ್ರಾಪ್ ಕ್ರಮದಲ್ಲಿ ಮತ್ತೆ ಕೆಂಪು ಹಾಕುವುದು. ಇಲ್ಲವೇ ನೇರ ನೀಲಿ ತೊಟ್ಟಿಗೆ ಇಳಿಸುವುದು. ನಾನಾಗಿದ್ದರೆ ಎರಡನೆಯದನ್ನೇ ಆರಿಸುತ್ತಿದ್ದೆ. ಅಡಿಯಲ್ಲಿ ಉಳಿದ ಗುಲಾಬಿ ನೀಲಿಯನ್ನು ಸ್ವಲ್ಪ ನೇರಳೆ ಕಡೆಗೆ ತಿರುಗಿಸುತ್ತದೆ, ಕೆಡಿಸುವುದಿಲ್ಲ. ಯಾವ ದಾರಿ ಹಿಡಿದರೂ ಮೊದಲು ಅಂಗೈ ಅಗಲದ ಎರಡು ಚೂರು ಕತ್ತರಿಸಿ ಪ್ರಯೋಗ ಮಾಡಿ. ಒಂದನ್ನು ಮೂರು ನಾಲ್ಕು ಸಲ ಒಗೆಯಿರಿ. ಇನ್ನೊಂದರ ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ದಕ್ಷಿಣದ ಕಿಟಕಿಯಲ್ಲಿ ಮೂರು ವಾರ ಬಿಸಿಲಿಗೆ ಇಡಿ. ರಟ್ಟು ತೆಗೆದಾಗ ಎರಡು ಅರ್ಧಗಳ ನಡುವೆ ಎದ್ದು ಕಾಣುವ ಗೆರೆ ಇಲ್ಲದಿದ್ದರೆ ದೊಡ್ಡ ಬಟ್ಟೆಗೆ ಕೈ ಹಾಕಿ.